ಅಂಕಿಯ ಬದಲಿಗೆ ಅಕ್ಷರ: ಒಮ್ಮೆ ಬಿಡಿಸಿ ಎಲ್ಲ ಹೊಲಕ್ಕೂ ಬಳಸುವ ಲೆಕ್ಕ



ಈ ಸಲದ ಪಾಠ ಬೀಜದ್ದಲ್ಲ, ಬೀಜಗಣಿತದ್ದು. ಹೆಸರು ಕೇಳಿದೊಡನೆ ಪುಟ ಮಗುಚಬೇಡಿರಿ. ಗೊಬ್ಬರದ ಅಂಗಡಿಯಲ್ಲಿ, ಕಣದಲ್ಲಿ, ಪೇಟೆಯಲ್ಲಿ ದಿನಾಲು ಬರುವ ಲೆಕ್ಕಗಳೇ ಇಲ್ಲಿವೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ನಿಮಗೆ ಬಾರದಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮಗ ಅಥವಾ ಮಗಳನ್ನು ಹತ್ತಿರ ಕೂಡಿಸಿಕೊಂಡು ಓದಿರಿ.

ಈ ಪಾಠ ಬರೆಯುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಹಿಂದಿನ ಒಂದು ಮುಂಗಾರಿನಲ್ಲಿ ಹಿರೇಕೆರೂರ ಭಾಗದ ಹಳ್ಳಿಯೊಂದರಲ್ಲಿ ಗೋವಿನಜೋಳ ಬಿತ್ತುವವರಿಗೆ ನಾನು ಚೀಟಿ ಬರೆದುಕೊಟ್ಟಿದ್ದೆ: “ಎಕರೆಗೆ ಒಂದು ಚೀಲ ಡಿ.ಎ.ಪಿ., ಒಂದೂವರೆ ಚೀಲ ಯೂರಿಯಾ.” ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬಿತ್ತುವ ವಾರ ಡಿ.ಎ.ಪಿ. ಸಿಗಲಿಲ್ಲ. ಅದರ ಬದಲು ೨೦:೨೦:೦:೧೩ ಎಂಬ ಗೊಬ್ಬರ ಬಂದಿತ್ತು. ಒಬ್ಬ ರೈತರು “ಚೀಲಕ್ಕೆ ಚೀಲ” ಎಂದು ಅದನ್ನೇ ಎಕರೆಗೆ ಒಂದರಂತೆ ಹಾಕಿದರು. ಮೂರು ವಾರದ ಮೇಲೆ ನಾನು ಹೊಲಕ್ಕೆ ಹೋದಾಗ ಎಳೆಯ ಪೈರಿನ ಎಲೆಗಳ ಅಂಚು ನೇರಳೆ ಬಣ್ಣಕ್ಕೆ ತಿರುಗಿತ್ತು. ಇದು ರಂಜಕ ಸಾಲದೆ ಹೋದಾಗ ಗೋವಿನಜೋಳ ತೋರಿಸುವ ಗುರುತು. “ನೀವು ಬರೆದಂತೆಯೇ ಹಾಕಿದ್ದೇನಲ್ಲ!” ಎಂದರು ಅವರು. ಅವರ ಮಾತು ನಿಜ. ನಾನು ಅವರಿಗೆ ಉತ್ತರ ಕೊಟ್ಟಿದ್ದೆ, ಲೆಕ್ಕ ಕೊಟ್ಟಿರಲಿಲ್ಲ. ಚೀಲ ಬದಲಾದ ಕೂಡಲೆ ನನ್ನ ಉತ್ತರ ಸುಳ್ಳಾಯಿತು. ಲೆಕ್ಕ ಅವರ ಕೈಯಲ್ಲಿದ್ದರೆ ಅಂಗಡಿಯ ಕಟ್ಟೆಯ ಮೇಲೆಯೇ ಹೊಸ ಉತ್ತರ ತೆಗೆಯುತ್ತಿದ್ದರು.

ಆ ಲೆಕ್ಕವನ್ನು ಈಗ ಕೊಡುತ್ತಿದ್ದೇನೆ.

೧. ಅಕ್ಷರ ಏಕೆ?

ಲೆಕ್ಕದಲ್ಲಿ ಎರಡು ಬಗೆಯ ಸಂಗತಿಗಳಿರುತ್ತವೆ. ಮೊದಲನೆಯದು ನಮಗೆ ತಿಳಿಯದೆ ಇರುವುದು, ನಾವು ಹುಡುಕುವುದು. ಅದಕ್ಕೆ ‘ಯ’ ಎಂದು ಕರೆಯೋಣ. ಎರಡನೆಯದು ನಮಗೆ ತಿಳಿದಿರುವುದು: ಚೀಲದ ತೂಕ, ಪೇಟೆಯ ಧಾರಣೆ, ಬಾಡಿಗೆ, ಕೂಲಿ. ಇವು ನಿಮ್ಮ ಇಂದಿನ ಲೆಕ್ಕದ ಮಟ್ಟಿಗೆ ಕದಲುವುದಿಲ್ಲ. ಆದಕಾರಣ ಇವುಗಳಿಗೆ ಸ್ಥಿರಸಂಖ್ಯೆಗಳೆಂದು ಹೆಸರು. ಆದರೆ ನಿಮಗೆ ಸ್ಥಿರವಾದದ್ದು ನೆರೆಯವನಿಗೆ ಬೇರೆ, ಮುಂದಿನ ವರ್ಷಕ್ಕೆ ಬೇರೆ.

ಕೂರಿಗೆಯ ಲೆಕ್ಕವನ್ನೇ ನೋಡಿರಿ. ಒಂದು ಕೂರಿಗೆ ಭೂಮಿ ಎಂದರೆ ಎಷ್ಟು ಎಕರೆ ಎಂಬುದು ಎಲ್ಲ ಊರಲ್ಲಿಯೂ ಒಂದೇ ಅಲ್ಲ. ಮಣ್ಣು ನೋಡಿ, ರೂಢಿ ನೋಡಿ ಹೆಚ್ಚು ಕಡಿಮೆ. ಸೇರು, ಮಣಗಳ ಗೊಂದಲವೂ ಹೀಗೆಯೇ ಇತ್ತು. ೧೯೫೬ರ ತೂಕ-ಅಳತೆಯ ಕಾಯದೆಯಿಂದ ಕಿಲೋ, ಲೀಟರುಗಳು ದೇಶಕ್ಕೆಲ್ಲ ಒಂದೇ ಆದವು. ಆದರೂ ಚೀಲ, ಕಟ್ಟು, ಟ್ರಿಪ್ಪುಗಳಿಗೆ ಇಂದಿಗೂ ಒಂದೇ ತೂಕವಿಲ್ಲ.

ಹೀಗೆ ಹೊಲದಿಂದ ಹೊಲಕ್ಕೆ ಬದಲಾಗುವ ಸ್ಥಿರಸಂಖ್ಯೆಯ ಜಾಗದಲ್ಲಿಯೂ ಒಂದು ಅಕ್ಷರ ಬರೆಯಿರಿ. ಲೆಕ್ಕವನ್ನು ಅಕ್ಷರದಲ್ಲಿಯೇ ಕೊನೆಯ ತನಕ ಬಿಡಿಸಿರಿ. ಬಂದದ್ದು ಒಂದು ಸೂತ್ರ. ಆ ಮೇಲೆ ಹಾನಗಲ್ಲಿನವರು ತಮ್ಮ ಅಂಕಿ ಹಾಕಲಿ, ಸವಣೂರಿನವರು ತಮ್ಮದನ್ನು ಹಾಕಲಿ. ಬಿಡಿಸುವ ಕೆಲಸ ಮತ್ತೆ ಮಾಡಬೇಕಾಗಿಲ್ಲ. ಬೀಜ ಬೇರೆಯಾದರೂ ಕೂರಿಗೆ ಅದೇ ಇದ್ದಂತೆ.

೨. ಬಿಡಿಸುವ ನಿಯಮ

ಸಮೀಕರಣವೆಂದರೆ ಸಮತೂಗಿ ನಿಂತ ತಕ್ಕಡಿ. ನಡುವಿನ ‘=’ ಗುರುತು ತಕ್ಕಡಿಯ ಮುಳ್ಳು. ಒಂದು ತಟ್ಟೆಯಿಂದ ಏನು ತೆಗೆದರೂ ಇನ್ನೊಂದರಿಂದ ಅಷ್ಟನ್ನೇ ತೆಗೆಯಬೇಕು. ಒಂದನ್ನು ಇಮ್ಮಡಿ ಮಾಡಿದರೆ ಇನ್ನೊಂದನ್ನೂ ಇಮ್ಮಡಿ ಮಾಡಬೇಕು. ಹೀಗೆ ಮಾಡುತ್ತ ‘ಯ’ ಒಂದನ್ನೇ ಒಂದು ತಟ್ಟೆಯಲ್ಲಿ ಉಳಿಸಬೇಕು. ಇಷ್ಟೇ ನಿಯಮ. ಅಂಕಿಗಿದ್ದ ನಿಯಮವೇ ಅಕ್ಷರಕ್ಕೂ. ‘ಸ’ ಎಂಬುದು ೪೦ ಇದ್ದರೇನು, ೬೦ ಇದ್ದರೇನು, ಎರಡೂ ಕಡೆಯಿಂದ ಕಳೆಯಲು ಅಡ್ಡಿಯಿಲ್ಲ.

೩. ಮೊದಲನೆಯ ಲೆಕ್ಕ: ಎಷ್ಟು ಚೀಲ ಗೊಬ್ಬರ?

ಗೊಬ್ಬರದ ಚೀಲದ ಮೇಲೆ ಅಚ್ಚಾದ ಅಂಕಿಗಳನ್ನು ಓದಲು ಕಲಿಯಿರಿ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಶ್. ನಾಲ್ಕನೆಯದು ಇದ್ದರೆ ಗಂಧಕ. ಎಲ್ಲವೂ ನೂರು ಕಿಲೋ ಗೊಬ್ಬರಕ್ಕೆ ಇಷ್ಟು ಕಿಲೋ ಎಂಬ ಲೆಕ್ಕ. ಡಿ.ಎ.ಪಿ.ಯಲ್ಲಿ ಸಾರಜನಕ ೧೮, ರಂಜಕ ೪೬. ಯೂರಿಯಾದಲ್ಲಿ ಸಾರಜನಕ ಮಾತ್ರ, ೪೬. ೨೦:೨೦:೦:೧೩ರಲ್ಲಿ ಸಾರಜನಕ ೨೦, ರಂಜಕ ೨೦, ಪೊಟ್ಯಾಶ್ ಇಲ್ಲ, ಗಂಧಕ ೧೩.

ಈಗ ಅಕ್ಷರಗಳನ್ನು ಗೊತ್ತುಮಾಡೋಣ. ನೆನಪಿರಲೆಂದು ಹೆಸರಿನ ಮೊದಲಕ್ಷರವನ್ನೇ ಆರಿಸಿದೆ.

ಸ = ಎಕರೆಗೆ ಬೇಕಾದ ಸತ್ವ, ಕಿಲೋದಲ್ಲಿ (ಸಾರಜನಕ ಅಥವಾ ರಂಜಕ)
ದ = ಅದರಲ್ಲಿ ಬೇರೆ ಗೊಬ್ಬರದಿಂದ ಆಗಲೇ ದೊರೆತದ್ದು, ಕಿಲೋದಲ್ಲಿ
ಚ = ಒಂದು ಚೀಲದ ತೂಕ, ಕಿಲೋದಲ್ಲಿ
ಪ = ನೂರು ಕಿಲೋದಲ್ಲಿ ಸತ್ವದ ಪಾಲು
ಯ = ಎಕರೆಗೆ ಬೇಕಾದ ಚೀಲಗಳು

ಒಂದು ಚೀಲದಲ್ಲಿರುವ ಸತ್ವ ಚ × ಪ ÷ ೧೦೦ ಕಿಲೋ. ‘ಯ’ ಚೀಲಗಳಲ್ಲಿರುವುದು ಅದರ ‘ಯ’ ಪಟ್ಟು. ಅದಕ್ಕೆ ಆಗಲೇ ದೊರೆತದ್ದನ್ನು ಕೂಡಿಸಿದರೆ ಬೇಕಾದಷ್ಟು ಆಗಬೇಕು.

(ಚ × ಪ × ಯ ÷ ೧೦೦) + ದ = ಸ

ಮೊದಲ ಹೆಜ್ಜೆ: ಎರಡೂ ಕಡೆಯಿಂದ ‘ದ’ ಕಳೆಯಿರಿ.
ಚ × ಪ × ಯ ÷ ೧೦೦ = ಸ − ದ

ಎರಡನೆಯ ಹೆಜ್ಜೆ: ಎರಡೂ ಕಡೆಯನ್ನು ೧೦೦ರಿಂದ ಗುಣಿಸಿರಿ.
ಚ × ಪ × ಯ = ೧೦೦ × (ಸ − ದ)

ಮೂರನೆಯ ಹೆಜ್ಜೆ: ಎರಡೂ ಕಡೆಯನ್ನು ಚ × ಪ ದಿಂದ ಭಾಗಿಸಿರಿ.
ಯ = ೧೦೦ × (ಸ − ದ) ÷ (ಚ × ಪ)

ಸೂತ್ರ ಸಿದ್ಧವಾಯಿತು. ಇದನ್ನು ನನ್ನ ಹಳೆಯ ಚೀಟಿಗೆ ಹಚ್ಚಿ ನೋಡೋಣ. ಆ ಹೊಲಕ್ಕೆ ಎಕರೆಗೆ ೨೩ ಕಿಲೋ ರಂಜಕ, ೪೦ ಕಿಲೋ ಸಾರಜನಕ ಎಂದು ಇಟ್ಟುಕೊಂಡಿದ್ದೆ. ರಂಜಕಕ್ಕೆ ೫೦ ಕಿಲೋ ಚೀಲದ ಡಿ.ಎ.ಪಿ.:

ಯ = ೧೦೦ × (೨೩ − ೦) ÷ (೫೦ × ೪೬) = ೨೩೦೦ ÷ ೨೩೦೦ = ೧ ಚೀಲ

ಈ ಒಂದು ಚೀಲದಲ್ಲಿ ೯ ಕಿಲೋ ಸಾರಜನಕವೂ ಬಂತು. ಆದ್ದರಿಂದ ಸಾರಜನಕದ ಲೆಕ್ಕದಲ್ಲಿ ದ = ೯. ಉಳಿದದ್ದಕ್ಕೆ ೪೫ ಕಿಲೋ ಚೀಲದ ಯೂರಿಯಾ:

ಯ = ೧೦೦ × (೪೦ − ೯) ÷ (೪೫ × ೪೬) = ೩೧೦೦ ÷ ೨೦೭೦ = ೧.೫ ಚೀಲ

ಚೀಟಿ ಸರಿ. ಈಗ ಡಿ.ಎ.ಪಿ. ಬದಲು ೨೦:೨೦:೦:೧೩ ಬಂತೆನ್ನಿರಿ. ‘ಪ’ ಮಾತ್ರ ಬದಲಾಯಿತು, ೪೬ರ ಜಾಗದಲ್ಲಿ ೨೦.

ಯ = ೧೦೦ × ೨೩ ÷ (೫೦ × ೨೦) = ೨.೩ ಚೀಲ

ಆ ರೈತರು ಒಂದು ಚೀಲ ಹಾಕಿದ್ದರಿಂದ ೨೩ ಕಿಲೋ ರಂಜಕದ ಜಾಗದಲ್ಲಿ ೧೦ ಕಿಲೋ ಮಾತ್ರ ಬಿತ್ತು. ಎಲೆ ನೇರಳೆಯಾದದ್ದು ಆಶ್ಚರ್ಯವಲ್ಲ. ೨.೩ ಚೀಲ ಹಾಕಿದ್ದರೆ ೨೩ ಕಿಲೋ ಸಾರಜನಕವೂ ಅದರಿಂದಲೇ ಬರುತ್ತಿತ್ತು. ಆಗ ಯೂರಿಯಾ:

ಯ = ೧೦೦ × (೪೦ − ೨೩) ÷ (೪೫ × ೪೬) = ೧೭೦೦ ÷ ೨೦೭೦ = ೦.೮೨ ಚೀಲ, ಅಂದರೆ ಸುಮಾರು ೩೭ ಕಿಲೋ

ಒಂದೂವರೆ ಚೀಲ ಬೇಕಾಗುತ್ತಿರಲಿಲ್ಲ. ಒಂದು ಗೊಬ್ಬರ ಬದಲಾದರೆ ಎರಡೂ ಗೊಬ್ಬರಗಳ ಅಳತೆ ಬದಲಾಗುತ್ತದೆ ಎಂಬುದನ್ನು ಗಮನಿಸಿರಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡತಕ್ಕದ್ದೆಂಬುದು ನಿಮಗೆ ತಿಳಿದೇ ಇದೆ. ಈ ಲೆಕ್ಕ ಒಟ್ಟು ಮೊತ್ತದ್ದು.

‘ಚ’ ಕೂಡ ಬದಲಾಗುತ್ತದೆ. ೨೦೧೮ರಲ್ಲಿ ಯೂರಿಯಾ ಚೀಲ ೫೦ ಕಿಲೋದಿಂದ ೪೫ ಕಿಲೋಕ್ಕೆ ಇಳಿಯಿತು. ಮೇಲಿನ ೩೧ ಕಿಲೋ ಸಾರಜನಕಕ್ಕೆ ಹಳೆಯ ಚೀಲವಾದರೆ ೧.೩೫ ಸಾಕಾಗುತ್ತಿತ್ತು, ಹೊಸದು ೧.೫ ಬೇಕು. ಹಳೆಯ ಬಾಯಿಲೆಕ್ಕವನ್ನೇ ಹಿಡಿದವರ ಹೊಲಕ್ಕೆ ಹತ್ತರಲ್ಲಿ ಒಂದು ಪಾಲು ಕಡಿಮೆ ಬಿತ್ತು. ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಸಿಕ್ಕಿದರೆ ಅದರಲ್ಲಿ ಸಾರಜನಕ ೨೦.೫, ೫೦ ಕಿಲೋ ಚೀಲವಾದರೆ ೩೧೦೦ ÷ ೧೦೨೫, ಅಂದರೆ ಸುಮಾರು ೩ ಚೀಲ. ಸೂತ್ರ ಮಾತ್ರ ಒಂದೇ.

೪. ಇದು ನಮ್ಮ ಹಿರಿಯರ ವಿದ್ಯೆ

ಬೀಜಗಣಿತ ಪರದೇಶದ್ದೆಂದು ತಿಳಿಯಬೇಡಿರಿ. ಬ್ರಹ್ಮಗುಪ್ತರು ೬೨೮ರಲ್ಲಿ ಬರೆದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ತಿಳಿಯದ ಸಂಖ್ಯೆ ಎರಡೂ ಕಡೆ ಬಂದಾಗ ಬಿಡಿಸುವ ನಿಯಮವಿದೆ. ೯ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ೧೨ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರ ಗಣಿತ’ವನ್ನು ಬರೆದನು. ಅದೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ತಿಳಿಯದ ಸಂಖ್ಯೆಗೆ ‘ಯಾವತ್-ತಾವತ್’ ಎಂದು ಹೆಸರು, ಬರೆಯುವಾಗ ಚಿಕ್ಕದಾಗಿ ‘ಯಾ’. ನಾವು ‘ಯ’ ಆರಿಸಿದ್ದು ಅದಕ್ಕಾಗಿಯೇ. ಇನ್ನೂ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು.

ಆದರೆ ತಿಳಿದ ಸಂಖ್ಯೆಗೂ ಅಕ್ಷರ ಕೊಡುವ ಪದ್ಧತಿಯನ್ನು ೧೫೯೧ರಲ್ಲಿ ಕ್ರಮವಾಗಿ ನಡೆಸಿದವನು ಫ್ರಾನ್ಸ್ ದೇಶದ ವಿಯೆತ್. ಅವನು ತಿಳಿಯದ್ದಕ್ಕೆ ಸ್ವರಗಳನ್ನು, ತಿಳಿದದ್ದಕ್ಕೆ ವ್ಯಂಜನಗಳನ್ನು ಬಳಸಿದನು. ಅದರಿಂದ ಒಂದು ಲೆಕ್ಕದ ಉತ್ತರ ಅದೇ ಜಾತಿಯ ಎಲ್ಲ ಲೆಕ್ಕಗಳ ಉತ್ತರವಾಯಿತು.

೫. ಎರಡನೆಯ ಲೆಕ್ಕ: ಕಣದಲ್ಲಿ ಮಾರುವುದೋ, ಪೇಟೆಗೆ ಒಯ್ಯುವುದೋ?

ಕಣದ ಬಳಿಗೇ ವ್ಯಾಪಾರಿ ಬಂದು ಒಂದು ಧಾರಣೆ ಹೇಳುತ್ತಾನೆ. ಪೇಟೆಯಲ್ಲಿ ಧಾರಣೆ ಹೆಚ್ಚು, ಆದರೆ ಗಾಡಿ ಬಾಡಿಗೆ ಕೊಡಬೇಕು. ಎಷ್ಟು ಕ್ವಿಂಟಲಿನಿಂದ ಮೇಲೆ ಒಯ್ಯುವುದು ಲಾಭ?

ಮ = ಮಾರುಕಟ್ಟೆಯ ಧಾರಣೆ, ಕ್ವಿಂಟಲಿಗೆ
ಹ = ಹಳ್ಳಿಯಲ್ಲಿ ಹೇಳಿದ ಧಾರಣೆ, ಕ್ವಿಂಟಲಿಗೆ
ಕ = ಕ್ವಿಂಟಲಿಗೆ ಬೀಳುವ ಕೂಲಿ, ಹಮಾಲಿ ಮುಂತಾದ ಖರ್ಚು
ಗ = ಗಾಡಿಯ ಒಟ್ಟು ಬಾಡಿಗೆ
ಯ = ಎರಡೂ ಸಮವಾಗುವ ಕ್ವಿಂಟಲು

ಪೇಟೆಯಲ್ಲಿ ಕೈಗೆ ಬರುವುದು ಎಡಕ್ಕೆ, ಹಳ್ಳಿಯಲ್ಲಿ ಬರುವುದು ಬಲಕ್ಕೆ:

ಮ × ಯ − ಕ × ಯ − ಗ = ಹ × ಯ

ಇಲ್ಲಿ ‘ಯ’ ಎರಡೂ ತಟ್ಟೆಯಲ್ಲಿದೆ. ಎರಡೂ ಕಡೆಯಿಂದ ಹ × ಯ ಕಳೆಯಿರಿ, ಎರಡೂ ಕಡೆಗೆ ‘ಗ’ ಕೂಡಿಸಿರಿ:

ಮ × ಯ − ಕ × ಯ − ಹ × ಯ = ಗ

ಎಡಗಡೆ ಮೂರರಲ್ಲಿಯೂ ‘ಯ’ ಇದೆ. ಅದನ್ನು ಹೊರಗೆ ತೆಗೆದು ಒಟ್ಟುಗೂಡಿಸಿರಿ:

(ಮ − ಕ − ಹ) × ಯ = ಗ
ಯ = ಗ ÷ (ಮ − ಕ − ಹ)

ತಿಳಿಯಲೆಂದು ಒಂದು ಉದಾಹರಣೆ: ಮಾರುಕಟ್ಟೆ ೨೦೦೦, ಹಳ್ಳಿ ೧೯೦೦, ಕೂಲಿ ೨೦, ಗಾಡಿ ೧೨೦೦ ರೂಪಾಯಿ. ಆಗ ಯ = ೧೨೦೦ ÷ ೮೦ = ೧೫ ಕ್ವಿಂಟಲು. ಹದಿನೈದಕ್ಕಿಂತ ಕಡಿಮೆ ಮಾಲಿದ್ದವನು ಒಬ್ಬನೇ ಗಾಡಿ ಕಟ್ಟಿದರೆ ನಷ್ಟ. ಎಂಟೆಂಟು ಕ್ವಿಂಟಲಿನ ಇಬ್ಬರು ಕೂಡಿ ಒಂದೇ ಗಾಡಿ ಮಾಡಿದರೆ ಲಾಭ. ನೆರೆಹೊರೆಯವರು ಕೂಡಿ ಒಯ್ಯಿರಿ ಎಂದು ನಾವು ಹೇಳುವುದಕ್ಕೆ ಇದೇ ಆಧಾರ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಅಕ್ಷರದಿಂದ ಭಾಗಿಸುವ ಮೊದಲು ಅದು ಸೊನ್ನೆಯಲ್ಲವೆಂದು ನೋಡಬೇಕು, ಸೊನ್ನೆಯಿಂದ ಭಾಗಿಸುವಂತಿಲ್ಲ. ಕೂಲಿಯೇ ೧೦೦ ರೂಪಾಯಿ ಆದರೆ ಮ − ಕ − ಹ = ೨೦೦೦ − ೧೦೦ − ೧೯೦೦ = ೦. ಅಂದರೆ ಪ್ರತಿ ಕ್ವಿಂಟಲಿನಲ್ಲಿ ಉಳಿಯುವುದು ಏನೂ ಇಲ್ಲ. ಎಷ್ಟು ಒಯ್ದರೂ ಬಾಡಿಗೆ ಹುಟ್ಟುವುದಿಲ್ಲ. ಅದು ಸೊನ್ನೆಗಿಂತ ಕೆಳಗಿಳಿದರೆ ಒಯ್ದಷ್ಟೂ ನಷ್ಟ. ಅಂಕಿಯಲ್ಲಿಯೇ ಲೆಕ್ಕ ಮಾಡುವವನಿಗೆ ಈ ಸಂಗತಿ ಮಾರಿ ಬಂದ ಮೇಲೆ ತಿಳಿಯುತ್ತದೆ. ಸೂತ್ರ ಬರೆದವನಿಗೆ ಮನೆ ಬಿಡುವ ಮೊದಲೇ ಕಾಣುತ್ತದೆ.

೬. ಹುಡುಕುವ ಅಕ್ಷರವನ್ನು ಬದಲಿಸಬಹುದು

ಅಕ್ಷರದ ಲೆಕ್ಕದಲ್ಲಿ ಇನ್ನೊಂದು ಅನುಕೂಲವಿದೆ. ಯಾವ ಅಕ್ಷರವನ್ನು ಬೇಕಾದರೂ ‘ತಿಳಿಯದ್ದು’ ಎಂದು ಇಟ್ಟುಕೊಳ್ಳಬಹುದು. ನಿಮ್ಮ ಕಣದಲ್ಲಿ ಎಷ್ಟು ಕ್ವಿಂಟಲು ಇದೆಯೆಂಬುದು ನಿಮಗೆ ಗೊತ್ತು. ಗೊತ್ತಾಗಬೇಕಾದದ್ದು, ವ್ಯಾಪಾರಿಗೆ ಎಷ್ಟರ ಕೆಳಗೆ ಕೊಡಬಾರದು ಎಂಬುದು. ಹಾಗಾದರೆ ‘ಹ’ವನ್ನು ಹುಡುಕಿರಿ. ಅದೇ ಸಮೀಕರಣದ ಎರಡೂ ಕಡೆಯನ್ನು ‘ಯ’ದಿಂದ ಭಾಗಿಸಿದರೆ:

ಹ = ಮ − ಕ − (ಗ ÷ ಯ)

ಮೇಲಿನ ಅಂಕಿಗಳಲ್ಲಿ ೧೦ ಕ್ವಿಂಟಲು ಇದ್ದರೆ ಹ = ೨೦೦೦ − ೨೦ − ೧೨೦ = ೧೮೬೦. ಮೂವತ್ತು ಇದ್ದರೆ ೨೦೦೦ − ೨೦ − ೪೦ = ೧೯೪೦. ಹತ್ತು ಕ್ವಿಂಟಲಿನವನಿಗೆ ೧೯೦೦ ಒಳ್ಳೆಯ ಧಾರಣೆ, ಮೂವತ್ತು ಕ್ವಿಂಟಲಿನವನಿಗೆ ಅದು ಕಡಿಮೆ. ನೆರೆಯವನು ಕೊಟ್ಟನೆಂದು ನೀವೂ ಕೊಡಬೇಕಾಗಿಲ್ಲ.

೭. ಸಾಮಾನ್ಯವಾಗಿ ಆಗುವ ತಪ್ಪುಗಳು

(ಅ) ಅಳತೆಗಳನ್ನು ಬೆರೆಸುವುದು. ಶಿಫಾರಸು ಹೆಕ್ಟೇರಿಗೆ ಇದ್ದು, ನೀವು ಎಕರೆಯೆಂದು ತಿಳಿದರೆ ಎರಡೂವರೆ ಪಟ್ಟು ಗೊಬ್ಬರ ಬೀಳುತ್ತದೆ. ಒಂದು ಹೆಕ್ಟೇರ ೨.೪೭ ಎಕರೆ, ಹೆಕ್ಟೇರಿನ ಅಂಕಿಯನ್ನು ಅದರಿಂದ ಭಾಗಿಸಿರಿ. ಪ್ರತಿ ಅಕ್ಷರದ ಮುಂದೆ ಅದು ಕಿಲೋವೋ, ಕ್ವಿಂಟಲೋ, ರೂಪಾಯಿಯೋ ಬರೆದಿಡಿರಿ.

(ಆ) ಕಂಸ ಮರೆಯುವುದು. ೧೦೦ × (ಸ − ದ) ಎಂಬಲ್ಲಿ ಮೊದಲು ಕಳೆದು ಆ ಮೇಲೆ ಗುಣಿಸತಕ್ಕದ್ದು.

(ಇ) ಒಂದೇ ಅಕ್ಷರಕ್ಕೆ ಎರಡು ಅರ್ಥ. ಒಂದು ಲೆಕ್ಕದಲ್ಲಿ ‘ಕ’ ಕೂಲಿಯಾದರೆ ಅದು ಮುಗಿಯುವ ತನಕ ಕೂಲಿಯೇ.

(ಈ) ತಾಳೆ ನೋಡದಿರುವುದು. ಬಂದ ಉತ್ತರವನ್ನು ಮೊದಲ ಸಮೀಕರಣಕ್ಕೆ ಹಾಕಿ, ಎರಡೂ ಕಡೆ ಸಮವೋ ನೋಡಿರಿ. ೩೭ ಕಿಲೋ ಯೂರಿಯಾದಲ್ಲಿ ೧೭ ಕಿಲೋ ಸಾರಜನಕ, ಅದಕ್ಕೆ ೨೩ ಕೂಡಿಸಿದರೆ ೪೦. ತಾಳೆಯಾಯಿತು.

೮. ಅಭ್ಯಾಸ

ನಾಲ್ಕೂ ತಾಲೂಕಿಗೆ ಒಂದೊಂದು ಲೆಕ್ಕ. ಮೊದಲು ಅಕ್ಷರದಲ್ಲಿ ಬಿಡಿಸಿರಿ, ಆ ಮೇಲೆ ಅಂಕಿ ಹಾಕಿರಿ. ಅಂಕಿಗಳು ಅಭ್ಯಾಸಕ್ಕೆ ಮಾತ್ರ.

ಹಾನಗಲ್ಲ: ಒಬ್ಬರ ಮನೆಗೆ ವರ್ಷಕ್ಕೆ ‘ಅ’ ಕ್ವಿಂಟಲು ಅಕ್ಕಿ ಬೇಕು. ನೂರು ಕ್ವಿಂಟಲು ಭತ್ತಕ್ಕೆ ‘ಉ’ ಕ್ವಿಂಟಲು ಅಕ್ಕಿ ಇಳಿಯುತ್ತದೆ. ಬೀಜಕ್ಕೆ ‘ಬ’ ಕ್ವಿಂಟಲು ಭತ್ತ ತೆಗೆದಿಡಬೇಕು. ಒಟ್ಟು ಎಷ್ಟು ಭತ್ತ ಇಟ್ಟುಕೊಳ್ಳಬೇಕು? (ಅ = ೯.೯, ಉ = ೬೬, ಬ = ೧)

ಶಿಗ್ಗಾವಿ: ಕೂರಿಗೆಗೆ ‘ಕ’ ಎಕರೆ, ಎಕರೆಗೆ ‘ಬ’ ಕಿಲೋ ಶೇಂಗಾ ಬೀಜ. ಮನೆಯಲ್ಲಿ ‘ಮ’ ಕಿಲೋ ಬೀಜವಿದೆ. ಎಷ್ಟು ಕೂರಿಗೆ ಬಿತ್ತಬಹುದು? (ಕ = ೪, ಬ = ೫೦, ಮ = ೩೦೦)

ಸವಣೂರು: ಎಲೆಬಳ್ಳಿ ತೋಟದವರಿಗೆ ಒಂದು ಕಟ್ಟು ವೀಳ್ಯದೆಲೆಗೆ ‘ಬ’ ರೂಪಾಯಿ ಸಿಗುತ್ತದೆ. ಕಟ್ಟಿಗೆ ‘ಕ’ ರೂಪಾಯಿ ಕೊಯ್ಲಿನ ಕೂಲಿ. ತಿಂಗಳ ಉಳಿದ ಖರ್ಚು ‘ಖ’. ಕೈಯಲ್ಲಿ ‘ಲ’ ರೂಪಾಯಿ ಉಳಿಯಬೇಕಾದರೆ ಎಷ್ಟು ಕಟ್ಟು ಮಾರಬೇಕು? ಯಾವಾಗ ಉತ್ತರವೇ ಇರುವುದಿಲ್ಲ? (ಬ = ೬೦, ಕ = ೧೦, ಖ = ೪೦೦೦, ಲ = ೬೦೦೦)

ಹಿರೇಕೆರೂರು: ‘ತ’ ಕ್ವಿಂಟಲು ಹಸಿ ಗೋವಿನಜೋಳದಲ್ಲಿ ನೂರಕ್ಕೆ ‘ಹ’ ಪಾಲು ತೇವವಿದೆ. ಅದನ್ನು ‘ಒ’ ಪಾಲು ತೇವಕ್ಕೆ ಒಣಗಿಸಿದರೆ ತೂಕ ಎಷ್ಟು ಉಳಿಯುತ್ತದೆ? ಸುಳಿವು: ನೀರು ಹೋಗುತ್ತದೆ, ಒಣ ಕಾಳಿನ ಭಾಗ ಮೊದಲಿದ್ದಷ್ಟೇ ಇರುತ್ತದೆ. (ತ = ೪೩, ಹ = ೨೦, ಒ = ೧೪)

ಉತ್ತರಗಳು

ಹಾನಗಲ್ಲ: ಯ = (೧೦೦ × ಅ ÷ ಉ) + ಬ = ೧೬ ಕ್ವಿಂಟಲು.
ಶಿಗ್ಗಾವಿ: ಯ = ಮ ÷ (ಕ × ಬ) = ಒಂದೂವರೆ ಕೂರಿಗೆ.
ಸವಣೂರು: ಯ = (ಲ + ಖ) ÷ (ಬ − ಕ) = ೨೦೦ ಕಟ್ಟು. ಬೆಲೆ ಕೂಲಿಗಿಂತ ಹೆಚ್ಚಿರದಿದ್ದರೆ ಉತ್ತರವಿಲ್ಲ.
ಹಿರೇಕೆರೂರು: ಯ = ತ × (೧೦೦ − ಹ) ÷ (೧೦೦ − ಒ) = ೪೦ ಕ್ವಿಂಟಲು. ತೇವ ೬ ಪಾಲು ಇಳಿದರೆ ತೂಕವೂ ನೂರಕ್ಕೆ ೬ ಮಾತ್ರ ಇಳಿಯುತ್ತದೆಂದು ಹಲವರು ತಿಳಿಯುತ್ತಾರೆ. ನಿಜವಾಗಿ ಇಳಿಯುವುದು ಸುಮಾರು ೭. ಒಣಗಿಸಿ ತಂದ ಮೇಲೆ ತೂಕದಲ್ಲಿ ಮೋಸವಾಯಿತೆಂದು ಜಗಳಕ್ಕೆ ನಿಲ್ಲುವ ಮೊದಲು ಈ ಸೂತ್ರ ಹಾಕಿ ನೋಡಿರಿ. ಮೋಸವೇ ಆಗಿದ್ದರೆ ಎಷ್ಟು ಕಿಲೋ ಎಂದು ಹೇಳಿ ಕೇಳಿರಿ.

ಗೊಬ್ಬರದ ಸೂತ್ರವನ್ನು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದಾದರೂ ಬರೆದಿಡಿರಿ. ಆ ನೇರಳೆ ಎಲೆಯ ಹೊಲದ ರೈತರು ಮರುವರ್ಷ ನನ್ನಿಂದ ಚೀಟಿ ತೆಗೆದುಕೊಳ್ಳಲಿಲ್ಲ. “ಸೂತ್ರ ಬರೆದುಕೊಡಿರಿ, ಚೀಲ ನಾನು ಓದುತ್ತೇನೆ” ಎಂದರು. ನೀವೂ ಹಾಗೆಯೇ ಕೇಳಿರಿ. ಲೆಕ್ಕ ಎಲ್ಲಿಯಾದರೂ ತೊಡಕಿದರೆ, ನಾನು ನಿಮ್ಮ ಊರಿಗೆ ಬರುವ ದಿನ ಚೀಲದ ಮೇಲಿನ ಅಂಕಿಗಳನ್ನು ಬರೆದಿಟ್ಟುಕೊಂಡು ಬನ್ನಿರಿ, ಕೂಡಿ ಬಿಡಿಸೋಣ.